ಮಗಳ ಟಿಫಿನ್ ಡಬ್ಬಿ ಮತ್ತು ಆಕ್ಯುಪೇಷನಲ್ ಥೆರಪಿ

ಮುಂಬೈಯ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ನಾನು ಗಲ್ಲಾದಲ್ಲಿ ಕೂರುವವನು. ಮನೆ ಡೊಂಬಿವಲಿಯಲ್ಲಿ. ಮಗಳಿಗೆ ಈಗ ಏಳು ವರ್ಷ, ಎರಡನೇ ಕ್ಲಾಸು. ಅವಳ ಬಲಗೈ ಬಿಗಿ, ಬಲಗಾಲು ಸ್ವಲ್ಪ ಎಳೆಯುತ್ತದೆ. ಊರಿನಿಂದ, ಇಲ್ಲಿನ ನೆಂಟರಿಂದ ಆಗಾಗ ಫೋನ್ ಬರುತ್ತದೆ. "ನಮ್ಮ ಪೈಕಿ ಒಂದು ಮಗುವಿಗೆ ಹೀಗೇ ಇದೆ. ನೀವು ಎಲ್ಲಿ ತೋರಿಸಿದ್ರಿ? ಕೈ ಸರಿಯಾಯ್ತಾ?" ಫೋನಿನಲ್ಲಿ ಇದನ್ನೆಲ್ಲ ಹೇಳಿ ಮುಗಿಯುವುದಿಲ್ಲ. ಎದುರಿಗೆ ಬಿಲ್ ಹಿಡಿದುಕೊಂಡು ಗಿರಾಕಿಗಳು ನಿಂತಿರುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಕೈ ಸರಿಯಾಗಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅವಳ ಡಬ್ಬಿಯನ್ನು ಈಗ ಅವಳೇ ತೆರೆಯುತ್ತಾಳೆ. ಯೂನಿಫಾರ್ಮ್ ಅವಳೇ ಹಾಕಿಕೊಳ್ಳುತ್ತಾಳೆ. ಅಜ್ಜಿಯ ಪಕ್ಕ ಕೂತು ಕರಿಬೇವು ಬಿಡಿಸುತ್ತಾಳೆ. ಇದೆಲ್ಲ ಆಗಿದ್ದು ಬಹುಪಾಲು ಆಕ್ಯುಪೇಷನಲ್ ಥೆರಪಿಯಿಂದ, ಅಂದರೆ ದಿನನಿತ್ಯದ ಕೆಲಸಗಳನ್ನು ತಾನೇ ಮಾಡಿಕೊಳ್ಳಲು ಕಲಿಸುವ ಚಿಕಿತ್ಸೆಯಿಂದ.

ಕಾಯಿಲೆಯ ವಿಷಯ ಬೇಗ ಮುಗಿಸುತ್ತೇನೆ. ಅವಳು ಇನ್ನೂ ಕೂರಲು ಕಲಿಯುತ್ತಿದ್ದಾಗಲೇ ಗಿಲಕಿ ತೋರಿಸಿದರೆ ಎಡಗೈ ಮಾತ್ರ ಮುಂದೆ ಬರುತ್ತಿತ್ತು. ಬಲಗೈ ಮುಷ್ಟಿ ಕಟ್ಟಿಕೊಂಡೇ ಇರುತ್ತಿತ್ತು. ಸೋದರಮಾವನೂ ಎಡಚನೇ, ಅವನ ಹಾಗೆಯೇ ಇರಬೇಕು ಅಂತ ಮನೆಯಲ್ಲಿ ಮಾತು. ಲಸಿಕೆ ಹಾಕಿಸಲು ಹೋದಾಗ ಡಾಕ್ಟರ್ ಒಪ್ಪಲಿಲ್ಲ. ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಬಳಸುತ್ತಿದ್ದರೆ ಅದನ್ನು ಎಡಚತನ ಅಂತ ಬಿಡಬಾರದು, ಇನ್ನೊಂದು ಕೈಗೆ ಏನಾಗಿದೆ ಅಂತ ನೋಡಬೇಕು ಅಂದರು. ಎಂಆರ್‌ಐ ಆಯಿತು. ಹುಟ್ಟುವ ಆಸುಪಾಸಿನಲ್ಲೇ ಮೆದುಳಿನ ಎಡಭಾಗಕ್ಕೆ ಸ್ಟ್ರೋಕ್ ಆಗಿತ್ತು. ಎಳವೆಯಲ್ಲೇ ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಚಲನೆ ಕೆಡುವುದಕ್ಕೆ ಸೆರೆಬ್ರಲ್ ಪಾಲ್ಸಿ ಅನ್ನುತ್ತಾರೆ, ಇದು ಅದರ ಒಂದು ಬಗೆ. ಮೈಯ ಒಂದು ಪಕ್ಕಕ್ಕೆ ಬಂದರೆ ಹೆಮಿಪ್ಲೀಜಿಯಾ ಅನ್ನುತ್ತಾರೆ. ಮೆದುಳಿಗೆ ಆದ ಪೆಟ್ಟು ಮುಂದೆ ಹೆಚ್ಚಾಗುವುದಿಲ್ಲ. ಆದರೆ ಮಗು ಬೆಳೆಯುತ್ತದೆ. ಮೂಳೆ ಉದ್ದವಾದಷ್ಟು ವೇಗದಲ್ಲಿ ಬಿಗಿ ಹಿಡಿದ ಸ್ನಾಯು ಉದ್ದವಾಗುವುದಿಲ್ಲ. ಹಾಗಾಗಿ ಒಂದು ಸಲ ತೋರಿಸಿ ಬಿಡುವ ಕಾಯಿಲೆ ಇದಲ್ಲ.

ಆ ಹೊತ್ತಿನಲ್ಲಿ ಸಲಹೆ ಕೊಡುವವರು ಬಹಳ. ಒಬ್ಬರು ಸ್ಟೆಮ್ ಸೆಲ್ ಚಿಕಿತ್ಸೆ ಅಂದರು, ಲಕ್ಷಗಳ ಲೆಕ್ಕ. ಇನ್ನೊಬ್ಬರು ಆಕ್ಸಿಜನ್ ಚೇಂಬರಿನಲ್ಲಿ ಕೂರಿಸಿ ಅಂದರು. ನಮ್ಮ ಡಾಕ್ಟರ್ ಎರಡಕ್ಕೂ ತಲೆ ಅಲ್ಲಾಡಿಸಿದರು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಇಂಥ ಮಕ್ಕಳಿಗೆ ಸ್ಟೆಮ್ ಸೆಲ್ ಅನ್ನು ಒಪ್ಪಿಗೆ ಪಡೆದ ಸಂಶೋಧನೆಯ ಹೊರಗೆ ಚಿಕಿತ್ಸೆ ಅಂತ ಮಾರುವ ಹಾಗೇ ಇಲ್ಲ. ಆಸ್ಟ್ರೇಲಿಯಾದ ಅಯೋನಾ ನೊವಾಕ್ ಮತ್ತು ಜೊತೆಯವರು 2013ರಲ್ಲಿ ಸೆರೆಬ್ರಲ್ ಪಾಲ್ಸಿಯ ಚಿಕಿತ್ಸೆಗಳನ್ನೆಲ್ಲ ಜಾಲಿಸಿ, ಸಿಗ್ನಲ್ ದೀಪದ ಹಾಗೆ ಹಸಿರು, ಹಳದಿ, ಕೆಂಪು ಅಂತ ಗುರುತು ಹಾಕಿದ್ದಾರೆ. ಆಕ್ಸಿಜನ್ ಚೇಂಬರ್ ಕೆಂಪಿನಲ್ಲಿದೆ. ಎರಡು ಕೈ ಸೇರಿಸಿ ಮಾಡಿಸುವ ತರಬೇತಿ, ಗುರಿ ಇಟ್ಟುಕೊಂಡು ಮಾಡಿಸುವ ಅಭ್ಯಾಸ, ಮನೆಯಲ್ಲೇ ಮಾಡಲು ಹಾಕಿಕೊಡುವ ಕಾರ್ಯಕ್ರಮ, ಇವು ಹಸಿರಿನಲ್ಲಿವೆ. ಖರ್ಚು ಕಡಿಮೆ ಇರುವುದೇ ಹಸಿರಿನಲ್ಲಿದೆ, ನಂಬುವುದು ಕಷ್ಟ ಅಲ್ವಾ?

ಫಿಸಿಯೋಥೆರಪಿ ಮೊದಲಿನಿಂದಲೂ ನಡೆಯುತ್ತಿತ್ತು. ಪಾದ ನೆಟ್ಟಗೆ ನಿಲ್ಲಲು ಎಎಫ್‌ಒ ಅನ್ನುವ ಪ್ಲಾಸ್ಟಿಕ್ ಸ್ಪ್ಲಿಂಟ್ ಕೊಟ್ಟಿದ್ದರು. ಮಗು ನಡೆಯಿತು. ಆಮೇಲೆ ಪಾಲಿಕೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ "ಇನ್ನು ಓಟಿಗೆ ಹೋಗಿ" ಅಂತ ಕೇಸ್ ಪೇಪರಿನ ಮೇಲೆ ಬರೆದರು. ನನ್ನ ಹೆಂಡತಿ ಹೆದರಿಬಿಟ್ಟಳು. ಓಟಿ ಅಂದರೆ ಆಪರೇಷನ್ ಥಿಯೇಟರ್ ಅಂದುಕೊಂಡಿದ್ದಳು. ಕಂಪೌಂಡರ್ ನಕ್ಕು, ಅದು ಆಕ್ಯುಪೇಷನಲ್ ಥೆರಪಿ, ಎರಡನೇ ಮಹಡಿ, ಆಟದ ಸಾಮಾನು ಇರುವ ರೂಮು ಅಂದ.

ಮುಂಬೈಗೆ ಈ ವಿದ್ಯೆ ಹೊಸದೇನಲ್ಲ. ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ಶುರುವಾಗಿದ್ದೇ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ, 1950ರಲ್ಲಿ. ಶುರು ಮಾಡಿದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಹುಟ್ಟಿ, ಇಲ್ಲಿಗೆ ಸೊಸೆಯಾಗಿ ಬಂದವರು. ಎರಡು ವರ್ಷದ ನಂತರ ಈ ವೃತ್ತಿಯವರ ಅಖಿಲ ಭಾರತ ಸಂಘವೂ ಆಯಿತು. ಸಯನ್ ಮತ್ತು ನಾಯರ್ ಆಸ್ಪತ್ರೆಗಳಲ್ಲೂ ಇದನ್ನು ಕಲಿಸುತ್ತಾರೆ. ಹಾಗಾಗಿ ಮುಂಬೈಯಲ್ಲಿ ನಮ್ಮಂಥವರ ಕೈಗೆಟಕುವ ಖರ್ಚಿನಲ್ಲಿ ಇದು ಸಿಗುತ್ತದೆ. ಕಾಯಬೇಕು, ಅಷ್ಟೇ. ಬೆಳಗ್ಗೆ ಕೇಸ್ ಪೇಪರಿನ ಸಾಲು ದೊಡ್ಡದಿರುತ್ತದೆ.

ಮೊದಲ ದಿನ ಥೆರಪಿ ಮಾಡಿಸುವ ಮೇಡಂ ಮಗಳ ಕೈ ಮುಟ್ಟಲಿಲ್ಲ. ನೆಲದ ಮೇಲೆ ಅವಳ ಎದುರು ಕೂತರು. ಒಂದು ಪಾರ್ಲೆ-ಜಿ ಪ್ಯಾಕೆಟ್ ಕೊಟ್ಟು ಸುಮ್ನೆ ನೋಡುತ್ತಾ ಇದ್ದರು. ಇವಳು ಪ್ಯಾಕೆಟನ್ನು ಬಲಗಡೆ ಕಂಕುಳಲ್ಲಿ ಸಿಕ್ಕಿಸಿದಳು. ಬಗ್ಗಿ ಹಲ್ಲಿನಿಂದ ತುದಿ ಕಚ್ಚಿದಳು. ಎಡಗೈಯಿಂದ ಎಳೆದಳು. ಅರ್ಧ ಬಿಸ್ಕತ್ತು ಪುಡಿಯಾಗಿ ಕೆಳಗೆ ಬಿತ್ತು, ಉಳಿದಿದ್ದು ಬಾಯಿಗೆ ಹೋಯಿತು. "ಬುದ್ಧಿವಂತೆ" ಅಂದರು ಮೇಡಂ. ಕಂಕುಳು ಉಪಯೋಗಿಸಿದ್ದನ್ನು ಚೀಟಿಯಲ್ಲಿ ಬರೆದುಕೊಂಡರು.

ಆಮೇಲೆ ನಮಗೆ ಪ್ರಶ್ನೆ. ಕೈ ಎಷ್ಟು ಮಡಚುತ್ತದೆ ಅಂತಲ್ಲ. ಬೆಳಗ್ಗೆ ಎದ್ದು ಏನು ಮಾಡ್ತಾಳೆ? ಹಲ್ಲು ಯಾರು ಉಜ್ಜಿಸೋದು? ಸ್ನಾನಕ್ಕೆ ಬಚ್ಚಲಲ್ಲಿ ನಿಂತುಕೊಳ್ತಾಳಾ, ಕೂರ್ತಾಳಾ? ಚಡ್ಡಿ ಯಾರು ಹಾಕೋದು? ಊಟ? ಚಪ್ಪಲಿ? ಒಂದೊಂದಕ್ಕೂ ನಮ್ಮ ಉತ್ತರ: ಇವಳಮ್ಮ, ಅಜ್ಜಿ, ನಾನು. ಮೇಡಂ ಏನೂ ಟೀಕೆ ಮಾಡಲಿಲ್ಲ. ಬರೆಯುತ್ತಾ ಹೋದರು. ಕೊನೆಗೆ ಮಗಳನ್ನೇ ಕೇಳಿದರು, "ನಿನಗೆ ಯಾವುದು ನೀನೇ ಮಾಡಬೇಕು ಅನ್ಸುತ್ತೆ?"

ನಾವು ಬರವಣಿಗೆ ಅಂತೀವಿ, ಊಟ ಅಂತೀವಿ. ಅವಳು ಹೇಳಿದ್ದು ಟಿಫಿನ್ ಡಬ್ಬಿ.

ಕಾರಣ ಆಮೇಲೆ ಗೊತ್ತಾಯಿತು. ಶಾಲೆಯ ರಿಸೆಸ್ಸಿನಲ್ಲಿ ಡಬ್ಬಿ ತೆರೆದುಕೊಡಲು ಇರುವುದು ಒಬ್ಬರೇ ಆಯಾ ಬಾಯಿ. ಚಿಕ್ಕ ಮಕ್ಕಳದ್ದೆಲ್ಲ ಮುಗಿಸಿ ಇವಳ ಹತ್ತಿರ ಬರುವಾಗ ಇವಳ ಗೆಳತಿಯರು ತಿಂದು ಆಟಕ್ಕೆ ಹೋಗಿ ಆಗಿರುತ್ತಿತ್ತು. ಇವಳಿಗೆ ಹಸಿವಿನ ಚಿಂತೆಯಲ್ಲ, ಆಟದ ಚಿಂತೆ.

ಮಗು ಹೇಳಿದ್ದನ್ನೂ ನಾವು ಹೇಳಿದ್ದನ್ನೂ ಮೇಡಂ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದಕ್ಕೂ 1ರಿಂದ 10ರೊಳಗೆ ಅಂಕ ಕೇಳಿದರು. ಇದು ಎಷ್ಟು ಮುಖ್ಯ? ಈಗ ಎಷ್ಟು ಚೆನ್ನಾಗಿ ಮಾಡ್ತಾಳೆ? ಅದು ನಿಮಗೆ ಎಷ್ಟು ಸಮಾಧಾನ? ಮಗಳಿಗೆ ಮಾತ್ರ ನಗುಮುಖ, ಅಳುಮುಖದ ಚಿತ್ರ ತೋರಿಸಿದರು. 1991ರಲ್ಲಿ ಕೆನಡಾದಲ್ಲಿ ಬಂದ ಪದ್ಧತಿಯಂತೆ ಇದು, ಈಗ ಎಲ್ಲ ಕಡೆ ಬಳಸುತ್ತಾರೆ. ಕೆಲವು ತಿಂಗಳಾದ ಮೇಲೆ ಮತ್ತೆ ಅದೇ ಅಂಕ ಕೇಳುತ್ತಾರೆ. ಥೆರಪಿ ಸಾಗುತ್ತಿದೆಯೋ ಇಲ್ಲವೋ ಅನ್ನುವುದು ಆಗ ಗೊತ್ತಾಗುತ್ತದೆ. ಮ್ಯಾಕ್ಸ್ ಅನ್ನುವ ಇನ್ನೊಂದು ಅಳತೆಯೂ ಇದೆ. ಮಗು ದಿನನಿತ್ಯದ ವಸ್ತುಗಳನ್ನು ಎರಡು ಕೈಯಿಂದ ಹೇಗೆ ನಿಭಾಯಿಸುತ್ತದೆ ಅಂತ 1ರಿಂದ 5ರವರೆಗಿನ ಹಂತ. ಇವಳದ್ದು 3. ಅಂದರೆ ಕಷ್ಟಪಟ್ಟು ಮಾಡುತ್ತಾಳೆ, ಯಾರಾದರೂ ಸಿದ್ಧ ಮಾಡಿಕೊಟ್ಟರೆ ಅಥವಾ ವಸ್ತುವನ್ನು ಸ್ವಲ್ಪ ಬದಲಿಸಿಕೊಟ್ಟರೆ ಸುಲಭ ಆಗುತ್ತದೆ.

ಮುಂದಿನ ಸಲ ಡಬ್ಬಿಯನ್ನೇ ತನ್ನಿ ಅಂದರು.

ನಮ್ಮದು ಎರಡು ಪಕ್ಕ ಕ್ಲಿಪ್ ಇರುವ ಸ್ಟೀಲ್ ಡಬ್ಬಿ. ದಿನಾ ತೆರೆದು ಮುಚ್ಚುವ ನಮಗೆ ಅದರಲ್ಲಿ ನೋಡುವುದಕ್ಕೆ ಏನಿದೆ ಅನ್ನಿಸುತ್ತದೆ. ಮೇಡಂ ಅದನ್ನು ಬಿಡಿಸಿ ಬಿಡಿಸಿ ಇಟ್ಟರು. ಚೀಲದಿಂದ ತೆಗೆಯುವುದು ಒಂದು ಕೆಲಸ. ಮೇಜಿನ ಮೇಲೆ ಜಾರದ ಹಾಗೆ ಹಿಡಿಯುವುದು ಇನ್ನೊಂದು. ಕ್ಲಿಪ್ಪಿನ ಕೆಳಗೆ ಬೆರಳು ತೂರಿಸುವುದು, ಮೇಲಕ್ಕೆ ಒತ್ತುವುದು, ಡಬ್ಬಿ ತಿರುಗಿಸುವುದು, ಎರಡನೇ ಕ್ಲಿಪ್, ಆಮೇಲೆ ಮುಚ್ಚಳ. ಇವಳಿಗೆ ಎಡವಟ್ಟಾಗುತ್ತಿದ್ದುದು ಹಿಡಿಯುವುದರಲ್ಲಿ. ಎಡಗೈ ಕ್ಲಿಪ್ಪಿಗೆ ಹೋದ ಕೂಡಲೇ ಡಬ್ಬಿ ಸರ್ರಂತ ಜಾರಿ ಪಕ್ಕದವಳ ಕಡೆ ಹೋಗುತ್ತಿತ್ತು.

ಮೊದಲು ಡ್ರಾಯರಿನೊಳಗೆ ಹಾಸುವ ಜಾರದ ರಬ್ಬರ್ ಜಾಳಿಗೆಯ ಒಂದು ತುಂಡು ಕತ್ತರಿಸಿ ಕರವಸ್ತ್ರದಷ್ಟು ಮಾಡಿದೆವು. ಅದು ಡಬ್ಬಿಯ ಕೆಳಗೆ. ಬಲಗೈಯ ಬೆರಳು ಬಿಡಿಸಿ ಡಬ್ಬಿ ಹಿಡಿ ಅಂದರೆ ಆಗುವುದಿಲ್ಲ. ಮುಂಗೈಯನ್ನು ಡಬ್ಬಿಯ ಸುತ್ತ ಬಳಸಿ ಎದೆಗೆ ಒತ್ತಿಕೋ ಅಂದರೆ ಆಗುತ್ತದೆ. ಕ್ಲಿಪ್ ಗಟ್ಟಿಯಿತ್ತು, ಇಕ್ಕಳ ಹಾಕಿ ಸ್ವಲ್ಪ ಸಡಿಲ ಮಾಡಿದೆ. ಆಮೇಲೆ ಕಲಿಸುವ ಕ್ರಮ. ಮೊದಲಿನಿಂದ ಅಲ್ಲ, ಕೊನೆಯಿಂದ. ಎರಡೂ ಕ್ಲಿಪ್ ನಾವು ತೆಗೆಯುವುದು, ಮುಚ್ಚಳ ಎತ್ತುವುದು ಮಾತ್ರ ಅವಳು. ಅದು ಸಲೀಸಾದ ಮೇಲೆ ಎರಡನೇ ಕ್ಲಿಪ್ ಅವಳದ್ದು. ಆಮೇಲೆ ಮೊದಲನೆಯದ್ದೂ. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸುವವಳು ಅವಳೇ ಆಗುತ್ತಾಳೆ. ಮುಚ್ಚಳ ತೆರೆದಾಗ ಒಳಗಿನ ಇಡ್ಲಿ ಕಾಣುತ್ತದಲ್ಲ, ಅದೇ ಬಹುಮಾನ. ಮೊದಲಿನಿಂದ ಶುರು ಮಾಡಿಸಿ ಅರ್ಧಕ್ಕೆ ನಾವು ಕಸಿದುಕೊಂಡರೆ ಮಗು ಪ್ರತಿ ಸಲ ಸೋತ ಹಾಗೆ.

ಮನೆಯಲ್ಲಿ ಬಂತು. ಶಾಲೆಯಲ್ಲಿ ಬರಲಿಲ್ಲ. ನಮಗೆ ತಲೆಬುಡ ಗೊತ್ತಾಗಲಿಲ್ಲ. ಮೇಡಂ ಕೇಳಿದ್ದು ಒಂದೇ: ಮನೆಯಲ್ಲಿ ಎಲ್ಲಿ ಕೂತು ತೆರೆಯುತ್ತಾಳೆ? ನೆಲದ ಮೇಲೆ, ಡಬ್ಬಿಯನ್ನು ಮಂಡಿಗಳ ನಡುವೆ ಇಟ್ಟುಕೊಂಡು. ಶಾಲೆಯ ಬೆಂಚು ಎತ್ತರ, ಕಾಲು ನೇತಾಡುತ್ತದೆ, ಮೇಜು ಎದೆಯವರೆಗೆ ಬರುತ್ತದೆ. ಕಾಲಿಗೆ ನೆಲೆ ಇಲ್ಲದಿದ್ದರೆ ಕೈಗೂ ಬಲ ಬರುವುದಿಲ್ಲ. ಮನೆಯಲ್ಲಿ ಮೇಜು, ಸ್ಟೂಲ್ ಹಾಕಿ ಮತ್ತೆ ಶುರು. ಶಾಲೆಯಲ್ಲಿ ಅವಳ ಕಾಲ ಕೆಳಗೆ ಒಂದು ಮಣೆ. ಆಗ ಬಂತು. ಆಮೇಲೆ ನಮ್ಮ ಮೇಡಂ ಯಾವ ಕೆಲಸ ಹೇಳಿಕೊಡುವಾಗಲೂ "ಇದು ಎಲ್ಲಿ ನಡೆಯುತ್ತದೆ?" ಅಂತ ಮೊದಲೇ ಕೇಳುವುದನ್ನು ನಾನು ಗಮನಿಸಿದ್ದೇನೆ.

ಈ ನಡುವೆ ಕಾಲುಚೀಲದ ಪ್ರಕರಣ. ಚೆನ್ನಾಗಿರುವ ಕೈಯನ್ನು ದಿನಕ್ಕೆ ಸ್ವಲ್ಪ ಹೊತ್ತು ಕಟ್ಟಿಟ್ಟು, ದುರ್ಬಲ ಕೈಗೇ ಕೆಲಸ ಕೊಡುವ ಒಂದು ವಿಧಾನವಿದೆ. ಕೆಲವು ವಾರ ಮಾಡಿಸುತ್ತಾರೆ. ಮೇಡಂ ಎಡಗೈಗೆ ಒಂದು ಕಾಲುಚೀಲ ತೊಡಿಸಿ ಬ್ಲಾಕ್ ಎತ್ತು ಅಂದರು. ಇವಳ ಕಿರುಚಾಟ ಎರಡನೇ ಮಹಡಿಯಿಂದ ಕೆಳಗಿನ ಕೇಸ್ ಪೇಪರಿನ ಸಾಲಿನವರೆಗೆ ಕೇಳಿರಬೇಕು. ಕಾಲುಚೀಲಕ್ಕೆ ಎರಡು ಕಣ್ಣು ಹೊಲಿದು ಬೆಕ್ಕು ಮಾಡಿದ ಮೇಲೆ ಸ್ವಲ್ಪ ತಣ್ಣಗಾದಳು. ಬೆಕ್ಕು ಮಲಗಿದೆ, ಬಲಗೈ ಆಡಬಹುದು. ಆದರೂ ನನಗೆ ಇದು ಹೆಚ್ಚು ಇಷ್ಟವಾಗಲಿಲ್ಲ. ಬಲಗೈ ಚುರುಕಾಗಿದ್ದು ನಿಜ, ಹೆಬ್ಬೆರಳು ಅಂಗೈಯಿಂದ ಆಚೆ ಬರತೊಡಗಿತು. ಆದರೆ ಜೀವನದಲ್ಲಿ ಯಾರು ಒಂದು ಕೈ ಕಟ್ಟಿಕೊಂಡು ಕೆಲಸ ಮಾಡುತ್ತಾರೆ? ಮೇಡಂ ಕೂಡ ಅದನ್ನೇ ಹೇಳಿದರು. ಇದರಿಂದ ಕೈ ಎಚ್ಚರವಾಗುತ್ತದೆ, ಇನ್ನು ಮುಂದೆ ಎರಡು ಕೈ ಸೇರಿ ಮಾಡುವ ಕೆಲಸ ಕೊಡೋಣ ಅಂದರು.

ಎರಡು ಕೈಯ ಕೆಲಸ ಯಾವುದು ಅಂತ ಹುಡುಕಲು ನಾನು ದೂರ ಹೋಗಬೇಕಾಗಿರಲಿಲ್ಲ. ಗಲ್ಲಾದಲ್ಲಿ ಕೂತರೆ ಅಡುಗೆಮನೆಯ ಕಿಂಡಿ ಎದುರಿಗೇ. ದೋಸೆ ಹೊಯ್ಯುವ ಭಟ್ರು, ಈರುಳ್ಳಿ ಹೆಚ್ಚುವ ಹುಡುಗ, ಕಾಯಿ ತುರಿಯುವವ, ಇವರ ಬಲಗೈಯನ್ನು ಬಿಟ್ಟು ಎಡಗೈಯನ್ನೇ ನೋಡಲು ಶುರು ಮಾಡಿದೆ. ಒಂದು ಕೈ ಮೆರೆಯುತ್ತದೆ, ಇನ್ನೊಂದು ಸುಮ್ಮನೆ ಹಿಡಿದುಕೊಂಡಿರುತ್ತದೆ. ಹಿಡಿದುಕೊಳ್ಳುವ ಕೈ ಇಲ್ಲದಿದ್ದರೆ ಈರುಳ್ಳಿಯೂ ಹೆಚ್ಚಲಾಗದು. ಮೇಡಂ "ಸಹಾಯದ ಕೈ" ಅನ್ನುತ್ತಿದ್ದುದು ಇದನ್ನೇ. ಮಗಳ ಬಲಗೈ ಬರೆಯುವ ಕೈ ಆಗಬೇಕಾಗಿಲ್ಲ. ಹಿಡಿಯುವ, ಒತ್ತುವ, ಆನಿಕೊಡುವ ಕೈ ಆದರೆ ಸಾಕು.

ಒಂದು ರಾತ್ರಿ ಹೋಟೆಲಿನಿಂದ ಕರಿಬೇವಿನ ಒಂದು ಕಟ್ಟು ಮನೆಗೆ ಒಯ್ದೆ. ದಂಟು ಬಲಗೈಯಲ್ಲಿ ಹಿಡಿದು, ಎಡಗೈಯಲ್ಲಿ ಮೇಲಿನಿಂದ ಕೆಳಗೆ ಎಳೆದರೆ ಎಲೆ ಪೂರ್ತಿ ಬಿಡುತ್ತದೆ. ತೆಳು ದಂಟು ಇವಳ ಮುಷ್ಟಿಯಲ್ಲಿ ನಿಲ್ಲಲಿಲ್ಲ, ಎಲೆಯ ಜೊತೆಗೆ ದಂಟೂ ಬಂತು. ನನ್ನ ಅಮ್ಮ ನೋಡುತ್ತಾ ಇದ್ದವರು, ನಾಲ್ಕೈದು ದಂಟನ್ನು ಒಟ್ಟಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ ದಪ್ಪ ಮಾಡಿ ಅವಳ ಕೈಗಿಟ್ಟರು. ನಿಂತಿತು. ಮೇಡಂಗೆ ಫೋನಿನಲ್ಲಿ ವಿಡಿಯೋ ತೋರಿಸಿದಾಗ, ಚಮಚದ ಹಿಡಿಗೂ ಪೆನ್ಸಿಲಿಗೂ ನಾವು ಸ್ಪಂಜು ಸುತ್ತುವುದು ಇದೇ ಕಾರಣಕ್ಕೆ, ನಿಮ್ಮ ಅಮ್ಮನಿಗೆ ಯಾರು ಹೇಳಿಕೊಟ್ಟರು ಅಂತ ಕೇಳಿದರು. ಅಲ್ಲಿಂದ ಅಮ್ಮನಿಗೆ ಹುರುಪು ಬಂತು. ಚಳಿಗಾಲದಲ್ಲಿ ಬಟಾಣಿ ಸುಲಿಸಿದರು. ಚಪಾತಿ ಹಿಟ್ಟಿನ ಉಂಡೆ ಒತ್ತಿಸಿದರು. ದೇವರ ದೀಪಕ್ಕೆ ಹತ್ತಿ ಹೊಸೆಯುವುದು ಮಾತ್ರ ಇವತ್ತಿಗೂ ಬಂದಿಲ್ಲ. ಅದು ಬಹಳ ಸೂಕ್ಷ್ಮದ ಕೆಲಸ.

ಅಮ್ಮ ಮತ್ತು ಮೇಡಂ ನಡುವೆ ಎಲ್ಲವೂ ಹೀಗೇ ಇತ್ತು ಅಂತಲ್ಲ. ದೊಡ್ಡ ಜಗಳ ಊಟದ್ದು. ಎಡಗೈಯಲ್ಲಿ ಅನ್ನ ತಿನ್ನುವುದು ಅಮ್ಮನಿಗೆ ನೋಡಲಾಗುತ್ತಿರಲಿಲ್ಲ. ಬಲಗೈಗೆ ಅನ್ನ ಹಿಡಿಸಿ ಬಾಯಿಗೆ ಎತ್ತಿಸುತ್ತಿದ್ದರು. ಮಣಿಕಟ್ಟು ಒಳಗೆ ತಿರುಗಿ ಅನ್ನ ಎಲ್ಲ ಲಂಗದ ಮೇಲೆ. ಮಗು ಊಟ ಅಂದರೆ ಓಡತೊಡಗಿತು. "ಎಂತ ಮಾರಾಯಾ, ನಾಳೆ ಮದುವೆ ಮನೆ ಪಂಕ್ತಿಯಲ್ಲಿ ಕೂತರೆ ಜನ ಎಂತ ಹೇಳುವುದಿಲ್ಲ?" ಇದು ಅಮ್ಮನ ಮಾತು. ಸುಳ್ಳಲ್ಲ. ಜನ ಹೇಳುತ್ತಾರೆ.

ಮೇಡಂ ಅಮ್ಮನನ್ನು ಆಸ್ಪತ್ರೆಗೆ ಕರೆಸಿದರು. ಅವರ ಮರಾಠಿ, ಇವರ ಕುಂದಾಪುರದ ಕನ್ನಡ, ನಡುವೆ ನಾನು. ಮೇಡಂ ವಾದ ಮಾಡಲಿಲ್ಲ. ಒಂದು ತಟ್ಟೆಯಲ್ಲಿ ಅನ್ನ, ಸಾರು ಹಾಕಿ, ನೀವು ಎಡಗೈಯಲ್ಲಿ ತಿನ್ನಿ ನೋಡೋಣ ಅಂದರು. ಅಮ್ಮ ಖಂಡಿತ ಒಪ್ಪಲಿಲ್ಲ. ಸರಿ, ಬಲಗೈಯ ಬೆರಳುಗಳಿಗೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ ಬಲಗೈಯಲ್ಲೇ ತಿನ್ನಿ ಅಂದರು. ಅಮ್ಮ ಎರಡು ತುತ್ತು ಪ್ರಯತ್ನಿಸಿ ತಟ್ಟೆ ಸರಿಸಿದರು. ಕೈಯಲ್ಲಿ ಕಲಸಿ ಊಟ ಮಾಡಲು ಎಷ್ಟು ಬೆರಳು ಬೇಕು ಅನ್ನುವುದು ಚಮಚದಲ್ಲಿ ತಿನ್ನುವ ದೇಶದ ಪುಸ್ತಕದಲ್ಲಿ ಇರುವುದಿಲ್ಲ. ಕಲಸಬೇಕು, ಉಂಡೆ ಮಾಡಬೇಕು, ಹೆಬ್ಬೆರಳಿನಿಂದ ಬಾಯಿಗೆ ತಳ್ಳಬೇಕು. ಕೊನೆಗೆ ರಾಜಿ ಆಯಿತು. ಊಟ ಎಡಗೈಯಲ್ಲಿ, ತಟ್ಟೆಯ ಅಂಚು ಬಲಗೈಯಲ್ಲಿ. ದೋಸೆ, ಚಪಾತಿ ಹರಿಯುವಾಗ ಬಲಗೈ ಒತ್ತಿ ಹಿಡಿಯುವುದು. ದೇವಸ್ಥಾನದ ತೀರ್ಥ ಮಾತ್ರ ಬಲಗೈಯಲ್ಲೇ. ಅದಕ್ಕೆ ಉಪಾಯ ಹೇಳಿದ್ದೂ ಅಮ್ಮನೇ: ಎಡ ಅಂಗೈಯನ್ನು ಬಲ ಅಂಗೈಯ ಕೆಳಗೆ ಇಟ್ಟು, ಬೆರಳುಗಳನ್ನು ಅದರಿಂದಲೇ ಬಿಡಿಸಿ ಹಿಡಿಯುವುದು. ಅರ್ಧ ತೀರ್ಥ ಚೆಲ್ಲುತ್ತದೆ. ಅರ್ಚಕರು ಇನ್ನೊಂದು ಉದ್ಧರಣೆ ಹಾಕುತ್ತಾರೆ.

ಆರನೇ ವರ್ಷದಲ್ಲಿ ಮುಂಗೈಯ ಸ್ನಾಯುವಿಗೆ ಬೊಟ್ಯುಲಿನಮ್ ಇಂಜೆಕ್ಷನ್ ಕೊಟ್ಟರು. ಬಿಗಿ ಕೆಲವು ತಿಂಗಳು ಸಡಿಲ ಇರುತ್ತದೆ, ಆಮೇಲೆ ಔಷಧದ ಪರಿಣಾಮ ಹೋಗುತ್ತದೆ. ಆ ಸಡಿಲದ ಕಾಲದಲ್ಲಿ ಥೆರಪಿ ಜಾಸ್ತಿ ಮಾಡಿಸಬೇಕು. ಬರೀ ಇಂಜೆಕ್ಷನ್ ಕೊಡಿಸಿ ಕೂತರೆ ದುಡ್ಡು ದಂಡ. ರಾತ್ರಿ ಹಾಕುವ ಕೈ ಸ್ಪ್ಲಿಂಟನ್ನೂ ಓಟಿ ವಿಭಾಗದವರೇ ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ಕಿನಿಂದ ಕೈಯ ಅಳತೆಗೆ ಮಾಡಿಕೊಡುತ್ತಾರೆ.

ಶಾಲೆಯ ವಿಷಯಕ್ಕೆ ಬರುತ್ತೇನೆ. ಹೆಸರು ಬೇಡ. ಮೊದಲ ಶಾಲೆಯವರು "ನಿಮ್ಮ ಖರ್ಚಿನಲ್ಲೇ ಒಬ್ಬ ಆಯಾ ಬಾಯಿಯನ್ನು ಇಡೀ ದಿನ ಜೊತೆಗೆ ಕಳಿಸಿ, ಇಲ್ಲದಿದ್ದರೆ ನಮಗೆ ಜವಾಬ್ದಾರಿ ಬೇಡ" ಅಂದರು. ಬಿಟ್ಟೆವು. ಈಗಿನ ಶಾಲೆಯವರು ಒಳ್ಳೆಯವರೇ. ಆದರೆ ಪಿಟಿ ಪೀರಿಯಡ್ಡಿನಲ್ಲಿ ಇವಳನ್ನು ಎಲ್ಲರ ನೀರಿನ ಬಾಟಲಿ ಕಾಯಲು ಕೂರಿಸುತ್ತಿದ್ದರು. ಪ್ರೀತಿಯಿಂದಲೇ. ಬಿದ್ದರೆ ಅಂತ ಭಯ. ಮೇಡಂ ಶಾಲೆಗೆ ಒಂದು ಪುಟದ ಪತ್ರ ಬರೆದುಕೊಟ್ಟರು. ಅದರಲ್ಲಿ ಕಾಯಿಲೆಯ ಹೆಸರು ಒಂದೇ ಸಾಲು. ಉಳಿದದ್ದೆಲ್ಲ ಏನು ಮಾಡಬಲ್ಲಳು, ಏನು ಬದಲಿಸಬೇಕು ಅನ್ನುವುದು. ಬೆಂಚಿನ ಎಡ ತುದಿಯಲ್ಲಿ ಕೂರಿಸಿ, ಆಗ ಬರೆಯುವ ಮೊಣಕೈ ಯಾರಿಗೂ ತಾಗುವುದಿಲ್ಲ. ಪುಸ್ತಕ ಜಾರದಂತೆ ಕ್ಲಿಪ್ ಬೋರ್ಡ್ ಕೊಡಿ. ಲೇಸಿನ ಬದಲು ವೆಲ್ಕ್ರೋ ಶೂಗೆ ಒಪ್ಪಿಗೆ ಕೊಡಿ. ಮೆಟ್ಟಿಲು ಇಳಿಯುವಾಗ ಎಡಗಡೆ ಕಂಬಿ ಇರಲಿ. ರಿಲೇ ಓಟದಲ್ಲಿ ಸೇರಿಸಿ, ಬ್ಯಾಟನ್ ಎಡಗೈಗೆ ಬರಲಿ. ಪಿಟಿ ಸರ್ ಓದಿ, "ಇಷ್ಟೇನಾ?" ಅಂದರಂತೆ.

ಕಾನೂನೂ ನಮ್ಮ ಪರ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಯನ್ನು ಗುರುತಿಸಿದೆ, ಸೆರೆಬ್ರಲ್ ಪಾಲ್ಸಿ ಅದರಲ್ಲಿದೆ. ಸರ್ಕಾರದ ಮಾನ್ಯತೆ ಇರುವ ಶಾಲೆ ಭೇದ ಮಾಡದೆ ಸೇರಿಸಿಕೊಳ್ಳಬೇಕು, ಬೇಕಾದ ಅನುಕೂಲ ಮಾಡಿಕೊಡಬೇಕು. ಅಂಗವಿಕಲತೆ ಶೇ. 40 ಅಥವಾ ಜಾಸ್ತಿ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. ಓಡಾಟ ಇದೆ, ಆದರೂ ಮಾಡಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯೂ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಅದರಲ್ಲಿ ಥೆರಪಿಯ ಖರ್ಚಿಗೂ ಇಂತಿಷ್ಟು ಅಂತ ಸಿಗುತ್ತದೆ. ನಮ್ಮ ಹೋಟೆಲಿನವರಲ್ಲಿ ಇದನ್ನು ಕೇಳಿದವರೇ ಇಲ್ಲ, ಅದಕ್ಕೇ ಇಲ್ಲಿ ಹೇಳಿದೆ.

ಆಸ್ಪತ್ರೆಗೆ ಹೋಗುವ ದಾರಿಯೂ ಥೆರಪಿಯೇ ಆಯಿತು. ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್ ರೈಲು, ಅದರಲ್ಲಿ ಅಂಗವಿಕಲರ ಡಬ್ಬಿ. ಮೊದಲೆಲ್ಲ ಎತ್ತಿಕೊಂಡೇ ಹತ್ತಿಸುತ್ತಿದ್ದೆ. ಮೇಡಂ ಕೇಳಿದರು, "ಹನ್ನೆರಡು ವರ್ಷ ಆದಾಗಲೂ ಎತ್ತಿಕೊಳ್ತೀರಾ?" ಆಮೇಲೆ ಗಾಡಿ ನಿಂತ ಮೇಲೆ ಎಡಗೈಯಲ್ಲಿ ಕಂಬಿ ಹಿಡಿದು, ಎಡಗಾಲು ಮೊದಲು ಇಟ್ಟು ಹತ್ತುವುದನ್ನು ಕಲಿಸಿದೆವು. ಹಿಂದೆ ನಾನು ಕೈ ಚಾಚಿಕೊಂಡು ನಿಲ್ಲುತ್ತೇನೆ, ಮುಟ್ಟುವುದಿಲ್ಲ. ಗದ್ದಲದ ಹೊತ್ತಿನಲ್ಲಿ ಈ ಪಾಠ ಇಲ್ಲ. ಅಂಗವಿಕಲರ ಡಬ್ಬಿಯಲ್ಲೂ ಗಟ್ಟಿಮುಟ್ಟಾದವರೇ ತುಂಬಿರುತ್ತಾರೆ, ಆಗ ಎತ್ತಿಕೊಳ್ಳುವುದೇ ಸರಿ.

ಕಳೆದ ನವರಾತ್ರಿಗೆ ಅವಳ ಪಟ್ಟಿಗೆ ಹೊಸದೊಂದು ಸೇರಿತು. ದಾಂಡಿಯಾ. ನಮ್ಮ ಸೊಸೈಟಿಯ ಅಂಗಳದಲ್ಲಿ ಒಂಬತ್ತು ರಾತ್ರಿಯೂ ನಡೆಯುತ್ತದೆ. ಎರಡು ಕೈಗೂ ಕೋಲು ಬೇಕು. ಮೇಡಂ ಹಳೆಯ ಸೈಕಲ್ ಹ್ಯಾಂಡಲಿನ ರಬ್ಬರ್ ಹಿಡಿಯನ್ನು ಬಲಗೈಯ ಕೋಲಿಗೆ ತೂರಿಸಿ, ಮಣಿಕಟ್ಟಿಗೆ ಒಂದು ವೆಲ್ಕ್ರೋ ಪಟ್ಟಿ ಹಾಕಿಸಿದರು. ಬಲಗೈ ಕೋಲನ್ನು ಬೀಸುವುದಿಲ್ಲ, ಅಡ್ಡ ಹಿಡಿದು ನಿಲ್ಲುತ್ತದೆ. ಎದುರಿನವರು ಬಂದು ಹೊಡೆಯುತ್ತಾರೆ. ಸದ್ದು ಬಂದರೆ ಆಯಿತಲ್ಲ! ಮೊದಲ ರಾತ್ರಿ ಜನ ನೋಡಿ ಅಜ್ಜಿಯ ಸೆರಗು ಬಿಡಲಿಲ್ಲ. ಮರುದಿನ ಪಕ್ಕದ ವಿಂಗಿನ ಗೆಳತಿ ಕೈಹಿಡಿದು ಎಳೆದುಕೊಂಡು ಹೋದಳು. ಹಾಡು ಜೋರಾದಾಗ ತಾಳ ತಪ್ಪಿ ಯಾರದೋ ಬೆರಳಿಗೆ ಹೊಡೆದಳು. ಬೈಸಿಕೊಂಡಳು ಕೂಡ. ಬೇರೆ ಮಕ್ಕಳ ಹಾಗೆ ಇವಳಿಗೂ ಬೈಗುಳ ಸಿಕ್ಕಿದ್ದು ನನ್ನ ಹೆಂಡತಿಗೆ ಬಹಳ ಖುಷಿ.

ಎಲ್ಲವೂ ಏರುಮುಖ ಅಂತ ತಿಳಿಯಬೇಡಿ. ಮಳೆಗಾಲದಲ್ಲಿ ಲೋಕಲ್ ನಿಂತರೆ ವಾರಗಟ್ಟಲೆ ಥೆರಪಿ ತಪ್ಪುತ್ತದೆ. ಎತ್ತರ ಬೆಳೆದ ಹಾಗೆ ಕೈ ಮತ್ತೆ ಬಿಗಿಯುತ್ತದೆ, ಸ್ಪ್ಲಿಂಟ್ ಚಿಕ್ಕದಾಗುತ್ತದೆ. ಜಡೆ ಹಾಕಿಕೊಳ್ಳುವುದು ಆಗುವುದಿಲ್ಲ ಅಂತ ಗೊತ್ತಾದ ದಿನ ಅವಳೇ ಕೂದಲು ಕತ್ತರಿಸಿ ಅಂದಳು, ಕತ್ತರಿಸಿದೆವು. ಇತ್ತೀಚೆಗೆ ಕೈಯ ವ್ಯಾಯಾಮ ಅಂದರೆ ಮುಖ ಸಿಂಡರಿಸುತ್ತಾಳೆ. ಮೇಡಂ ಹೇಳಿದರು, ವ್ಯಾಯಾಮ ಬಿಡಿ, ಅವಳ ಪಟ್ಟಿಯಲ್ಲಿ ಈಗ ಏನಿದೆ ಕೇಳಿ.

ಪಟ್ಟಿಯ ಮೊದಲಲ್ಲೇ ಸೈಕಲ್ ಇದೆ. ಬಲಗೈಗೆ ಬ್ರೇಕ್ ಒತ್ತಲು ಆಗುವುದಿಲ್ಲ. ಎರಡು ಬ್ರೇಕಿನ ತಂತಿಯನ್ನೂ ಎಡಗಡೆಯ ಒಂದೇ ಹಿಡಿಗೆ ಜೋಡಿಸಬಹುದು ಅಂತ ದಾದರಿನ ಒಬ್ಬ ಸೈಕಲ್ ಅಂಗಡಿಯವ ಹೇಳಿದ್ದಾನೆ. ಮೇಡಂ ಒಮ್ಮೆ ನೋಡಿ ಹೂಂ ಅಂದರೆ ದೀಪಾವಳಿ ಬೋನಸ್ಸಿನಲ್ಲಿ ತೆಗೆದುಕೊಳ್ಳುವುದು ಅಂತ ಮನೆಯಲ್ಲಿ ಮಾತಾಗಿದೆ. ಅಮ್ಮ ಇನ್ನೂ ಒಪ್ಪಿಲ್ಲ.